ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಜೋಡುನಳಿಗೆ ಕೋವಿಗೆ ಜಾಗ

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ಮಕ್ಕಳ ಓದಿಗಾಗಿ ಚಿಕ್ಕಮಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೇವೆ. ವಾರಕ್ಕೆರಡು ದಿನ ನಾನು ತೋಟಕ್ಕೆ ಹೋಗಿ ಬರುತ್ತೇನೆ. ನನ್ನ ಹೆಸರಿನ ಲೈಸೆನ್ಸಿನಲ್ಲಿ ಹನ್ನೆರಡು ಬೋರಿನ ಜೋಡುನಳಿಗೆ ತೋಟಾಕೋವಿ, ಅಂದರೆ ಕಾಡತೂಸು ಹಾಕುವ ಕೋವಿ ಇದೆ. ತೋಟದ ಮನೆಯಲ್ಲಿ ಅದಕ್ಕೆಂದೇ ಬೀಗ ಹಾಕುವ ಕೋಣೆಯಿತ್ತು. ಇಲ್ಲಿ ಒಂದು ಬೀರು, ಎರಡು ಗೋಡೆ ಕಪಾಟು ಬಿಟ್ಟರೆ ಬೇರೆ ಜಾಗವಿಲ್ಲ. ಮಕ್ಕಳಿಗೆ ಆರು ಮತ್ತು ಹನ್ನೊಂದು ವರ್ಷ. ಗೋಡೆ ಕೊರೆಯಲು ಮನೆಯ ಮಾಲೀಕರು ಒಪ್ಪುವುದು ಅನುಮಾನ. ಕೋವಿಯನ್ನು ತೋಟದ ಮನೆಯಲ್ಲೇ ಬಿಡುವುದು ಒಳ್ಳೆಯದೇ? ಇಲ್ಲಿಗೆ ತಂದರೆ ಎಲ್ಲಿ, ಹೇಗೆ ಇಡಬೇಕು?

ಉತ್ತರ: ಜಾಗದ ವಿಚಾರಕ್ಕೆ ಬರುವ ಮೊದಲು ನಿಮ್ಮ ಲೈಸೆನ್ಸ್ ಪುಸ್ತಕವನ್ನು ತೆರೆದು ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಮೊದಲನೆಯದು, ಕೋವಿಯನ್ನು ಯಾವ ಉದ್ದೇಶಕ್ಕಾಗಿ ಮಂಜೂರು ಮಾಡಲಾಗಿದೆ ಎಂಬುದು. ಮಲೆನಾಡಿನ ಬಹಳಷ್ಟು ಲೈಸೆನ್ಸುಗಳು ಬೆಳೆ ರಕ್ಷಣೆಗಾಗಿ ಕೊಟ್ಟವು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಸೆಕ್ಷನ್ ಬೆಳೆ ರಕ್ಷಣೆಗೆ ಮೂಲತಃ ಬಾಯಿಂದ ಮದ್ದು ತುಂಬುವ ಕೋವಿಯನ್ನೇ ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿಯನ್ನು ಕೊಡಬಹುದು. ನಿಮ್ಮದು ಆ ಬಗೆಯ ಲೈಸೆನ್ಸಾಗಿದ್ದರೆ, ಜಮೀನಿನ ರಕ್ಷಣೆಗೆಂದು ಪಡೆದ ಕೋವಿಯನ್ನು ಪೇಟೆಯ ಮನೆಯಲ್ಲಿ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯಬೇಕು. ಎರಡನೆಯದು ವಿಳಾಸ. ಒಂದೇ ಜಿಲ್ಲೆಯೊಳಗೆ ಬಂದಿದ್ದರೂ ವಾಸಸ್ಥಳ ಬದಲಾದುದನ್ನು ಲೈಸೆನ್ಸ್ ಕೊಟ್ಟ ಕಚೇರಿಗೆ ತಿಳಿಸಿ ದಾಖಲು ಮಾಡಿಸಿಕೊಳ್ಳಿ. ಮುಂದೆಂದಾದರೂ ಕೋವಿ ಕಳವಾದರೆ ಪೊಲೀಸರು ಮೊದಲು ಕೇಳುವುದು, ಪುಸ್ತಕದಲ್ಲಿ ಒಂದು ವಿಳಾಸವಿರುವಾಗ ಕೋವಿ ಇನ್ನೊಂದು ಮನೆಯಲ್ಲಿ ಏಕಿತ್ತು ಎಂದೇ.

ತೋಟದ ಮನೆಯಲ್ಲೇ ಬಿಡುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ವಾರದಲ್ಲಿ ಐದು ದಿನ ದೀಪವಿಲ್ಲದ ಮನೆಯೆಂದರೆ ಕಳ್ಳನಿಗೆ ಬೇಕಾದಷ್ಟು ಸಮಯ ಸಿಗುವ ಮನೆ. ಎಂಥ ಬೀಗವೂ ಕಳ್ಳನನ್ನು ತಡೆಯುವುದಿಲ್ಲ, ತಡಮಾಡಿಸುತ್ತದೆ, ಅಷ್ಟೆ; ನೋಡುವವರೇ ಇಲ್ಲದ ಕಡೆ ಆ ತಡದಿಂದ ಪ್ರಯೋಜನವಿಲ್ಲ. ಹಾಗೆಂದು ತೋಟದ ಉಸ್ತುವಾರಿ ನೋಡುವ ರೈಟರ ಕೈಗೋ ಕಾವಲಿನವರ ಕೈಗೋ ಕೀಲಿಕೈ ಕೊಟ್ಟು ಬರುವಂತೆಯೂ ಇಲ್ಲ. ಲೈಸೆನ್ಸ್ ಇಲ್ಲದವರು ನಿಮ್ಮ ಸಮಕ್ಷಮದಲ್ಲಿ ಅಥವಾ ನಿಮ್ಮ ಲಿಖಿತ ಅನುಮತಿಯ ಮೇಲೆ, ಅದೂ ರಿಪೇರಿಗೆ, ನವೀಕರಣಕ್ಕೆ ಅಥವಾ ನಿಮ್ಮ ಉಪಯೋಗಕ್ಕೆಂದು ಮಾತ್ರ ಕೋವಿಯನ್ನು ಒಯ್ಯಬಹುದೆಂದು ಕಾಯ್ದೆಯ 3ನೆಯ ಸೆಕ್ಷನ್ ಹೇಳುತ್ತದೆ. ತಿಂಗಳುಗಟ್ಟಲೆ ಇನ್ನೊಬ್ಬರ ವಶದಲ್ಲಿ ಇರಿಸುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ. ಮರದ ಹಿಡಿಯನ್ನು ಪೇಟೆಯಲ್ಲಿಟ್ಟು ನಳಿಗೆಯನ್ನು ತೋಟದಲ್ಲಿಟ್ಟರೆ ಎರಡೂ ಕಡೆ ನಿಶ್ಚಿಂತೆಯೆಂದು ಕೆಲವರು ಲೆಕ್ಕ ಹಾಕುತ್ತಾರೆ. ಕಾನೂನಿನ ವ್ಯಾಖ್ಯೆಯಲ್ಲಿ ಕೋವಿಯ ಬಿಡಿಭಾಗವೂ ಆಯುಧವೇ. ಎರಡು ಕಡೆ ಇಟ್ಟರೆ ಎರಡು ಕಡೆ ಕಾಯಬೇಕಾಗುತ್ತದೆ. ಬ್ಯಾಂಕಿನ ಲಾಕರಿನಲ್ಲಂತೂ ಆಯುಧ ಇಡುವಂತಿಲ್ಲ.

ಹೀಗಾಗಿ, ಕಚೇರಿ ಒಪ್ಪಿದರೆ ಕೋವಿ ನೀವಿರುವಲ್ಲಿಯೇ ಇರಬೇಕು. ಇಲ್ಲಿ ನಿಮಗೊಂದು ಅನುಕೂಲವಿದೆ. ನಿಮ್ಮದು ಮಡಚುವ ಜೋಡುನಳಿಗೆ. ಜೋಡಿಸಿದ ಸ್ಥಿತಿಯಲ್ಲಿ ಅದರ ಉದ್ದ ಸುಮಾರು 115ರಿಂದ 120 ಸೆಂಟಿಮೀಟರ್. ನಳಿಗೆಯ ಕೆಳಗೆ ಕೈ ಹಿಡಿಯುವ ಮರದ ತುಂಡನ್ನು, ಅಂದರೆ ಫೋರೆಂಡನ್ನು ಬಿಡಿಸಿ ಕೋವಿಯನ್ನು ಮಡಚಿದರೆ ನಳಿಗೆಗಳು ಕೈಗೆ ಬರುತ್ತವೆ. ಆಗ ಉಳಿಯುವುದು ಮೂರು ತುಂಡುಗಳು, ಅವುಗಳಲ್ಲಿ ಉದ್ದನೆಯದು ನಳಿಗೆ. 28 ಅಂಗುಲದ ನಳಿಗೆಯಾದರೆ 71 ಸೆಂಟಿಮೀಟರ್, 30 ಅಂಗುಲದ್ದಾದರೆ 76. ನಾಲ್ಕಡಿ ಎತ್ತರದ ವಸ್ತು ಮೂರಡಿಯೊಳಗಿನ ಪೆಟ್ಟಿಗೆಯಲ್ಲಿ ಮಲಗುತ್ತದೆ. ಜಾಗ ಉಳಿಸಲು ನಳಿಗೆಯ ತುದಿಯನ್ನೇ ಒಂದಷ್ಟು ಕತ್ತರಿಸಿದರೆ ಹೇಗೆಂದು ಕೇಳುವವರೂ ಇದ್ದಾರೆ. ಅನುಮತಿಯಿಲ್ಲದೆ ನಳಿಗೆಯನ್ನು ಮೊಟಕುಗೊಳಿಸುವುದು 6ನೆಯ ಸೆಕ್ಷನ್ನಿನ ಪ್ರಕಾರ ಅಪರಾಧ. ಆ ಮಾತನ್ನು ಗರಗಸ ಇರುವ ಯಾರ ಮುಂದೆಯೂ ಎತ್ತಬೇಡಿ.

ಪೆಟ್ಟಿಗೆಯನ್ನು ಪರಿಚಯದ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬಹುದು. ತಗಡು 2 ಮಿಲಿಮೀಟರಿಗಿಂತ ತೆಳುವಾಗಿರಬಾರದು. ಬ್ರಿಟನ್ನಿನ ಕೋವಿ ಕಪಾಟುಗಳ ಮಾನದಂಡವಾದ ಬಿಎಸ್ 7558 ಕೇಳುವುದೂ ಅಷ್ಟು ದಪ್ಪವನ್ನೇ. ಒಳಗಿನ ಅಳತೆ 85 ಸೆಂ.ಮೀ. ಉದ್ದ, 28 ಅಗಲ, 12 ಆಳವಿದ್ದರೆ ನಳಿಗೆಯೂ ಹಿಡಿಯೂ ಅಕ್ಕಪಕ್ಕದಲ್ಲಿ ಒಂದಕ್ಕೊಂದು ತಾಗದೆ ಕೂರುತ್ತವೆ. ಮುಚ್ಚಳದ ಕೀಲುಗಳು ಒಳಗಿರಲಿ. ಹೊರಗೆ ಇರಲೇಬೇಕಾಗಿ ಬಂದರೆ, ಕೀಲಿನ ಸಲಾಕೆ ಕೊಯ್ದರೂ ಮುಚ್ಚಳ ಎದ್ದು ಬರದಂತೆ ಒಳಗಡೆ ಒಂದು ಪಟ್ಟಿಯನ್ನು ಬೆಸೆಯಿಸಿ. ಹೊರಗೆ ನೇತಾಡುವ ಬೀಗಕ್ಕಿಂತ ಪೆಟ್ಟಿಗೆಯೊಳಗೆ ಕೂರಿಸಿದ ಬೀಗ ಮೇಲು, ಏಕೆಂದರೆ ನೇತಾಡುವ ಬೀಗಕ್ಕೆ ಕಬ್ಬಿಣದ ಸಲಾಕೆ ತೂರಿಸಿ ತಿರುಚುವುದು ಸುಲಭ. ಉದ್ದನೆಯ ಪೆಟ್ಟಿಗೆಗೆ ಒಂದೇ ಬೀಗವಾದರೆ ಮೂಲೆಯಿಂದ ಮೀಟಿ ಬಾಗಿಸಬಹುದು. ಎರಡು ಬೀಗಗಳನ್ನು ಉದ್ದದ ಎರಡು ಕಡೆ ಹಂಚಿ ಹಾಕಿಸಿ.

ಈ ಅಳತೆಯ ಪೆಟ್ಟಿಗೆಯ ತೂಕ ಸುಮಾರು 12 ಕಿಲೋ, ಕೋವಿಯದು 3 ಕಿಲೋ ಚಿಲ್ಲರೆ. ಅಂದರೆ ಒಬ್ಬ ಮನುಷ್ಯ ಕಂಕುಳಲ್ಲಿ ಇಟ್ಟುಕೊಂಡು ನಡೆದುಬಿಡಬಹುದು. ಮಂಚದ ಕೆಳಗೆ, ಅಟ್ಟದ ಮೇಲೆ ಸುಮ್ಮನೆ ಇಟ್ಟ ಪೆಟ್ಟಿಗೆ, ಕೋವಿಯನ್ನು ಒಯ್ಯಲು ಕಳ್ಳನಿಗೆ ಒದಗಿಸಿದ ಹಿಡಿಕೆಯಿರುವ ಚೀಲದಂತೆ. ಅಟ್ಟ ಇನ್ನೊಂದು ಕಾರಣಕ್ಕೂ ಬೇಡ: ಸ್ಟೂಲಿನ ಮೇಲೆ ನಿಂತು, ತಲೆಯ ಮೇಲಿಂದ ಕೋವಿ ಇಳಿಸುವಾಗ ನಳಿಗೆಯ ಬಾಯಿ ಎತ್ತ ತಿರುಗಿದೆ ಎಂಬುದರ ಮೇಲೆ ನಿಮಗೆ ಹತೋಟಿ ಇರುವುದಿಲ್ಲ.

ನಿಮ್ಮ ಮನೆಯ ಗೋಡೆ ಕಪಾಟು ಸಾಮಾನ್ಯವಾಗಿ ಕಾಣುವಂತೆ ಮೂರಡಿ ಅಗಲವಿದ್ದು, ಕಡಪ ಕಲ್ಲಿನ ಅಡ್ಡಹಲಗೆಗಳಿಂದ ಕೂಡಿದ್ದರೆ, ನಿಮಗೆ ಬೇಕಾದ ಜಾಗ ಅದೇ. ಮೇಲಿನಿಂದ ಎರಡನೆಯ ಅಂಕಣದಲ್ಲಿ, ಅಂದರೆ ನಿಮ್ಮ ಎದೆಯ ಎತ್ತರದಲ್ಲಿ ಪೆಟ್ಟಿಗೆಯನ್ನು ಮಲಗಿಸಿ, ಹಿಂಬದಿಯಿಂದ ಗೋಡೆಗೆ ನಾಲ್ಕು ಆ್ಯಂಕರ್ ಬೋಲ್ಟ್ ಹಾಕಿಸಿದರೆ, ಮೂರು ಬದಿಯಲ್ಲೂ ಗೋಡೆ, ಕೆಳಗೆ ಕಲ್ಲು ಇರುವುದರಿಂದ ಸಲಾಕೆ ತೂರಿಸಲು ಸಂದು ಸಿಗುವುದಿಲ್ಲ. ಬೋಲ್ಟಿನ ತಲೆಗಳು ಪೆಟ್ಟಿಗೆಯ ಒಳಗಿರಬೇಕು. ಕಲ್ಲನ್ನೇ ಕೊರೆಯಲು ಹೋಗಬೇಡಿ, ಸೀಳು ಬಿಡುತ್ತದೆ. ಗಟ್ಟಿ ಇಟ್ಟಿಗೆ ಗೋಡೆಯಾದರೆ 10 ಮಿ.ಮೀ. ಬೋಲ್ಟ್ ಸಾಕು, ಹಾಲೋ ಬ್ಲಾಕ್ ಗೋಡೆಯಲ್ಲಿ ಮಾಮೂಲಿ ಬೋಲ್ಟ್ ಹಿಡಿಯುವುದಿಲ್ಲ, ಅಲ್ಲಿ ಕಾಂಕ್ರೀಟ್ ಕಂಬ ಇರುವ ಮೂಲೆಯನ್ನು ಹುಡುಕಬೇಕು.

ಮಾಲೀಕರ ಮಾತಿಗೆ ಬಂದರೆ, ನಾಲ್ಕು ತೂತುಗಳನ್ನು ಮನೆ ಬಿಡುವಾಗ ಸಿಮೆಂಟ್ ತುಂಬಿ ಬಣ್ಣ ಹೊಡೆಸಿ ಕೊಡುತ್ತೇನೆಂದು ಬರೆದುಕೊಟ್ಟರೆ ಒಪ್ಪುವವರೇ ಹೆಚ್ಚೆಂದು ನನ್ನ ಅನುಭವ. ಬೀಗದ ಪೆಟ್ಟಿಗೆಯೊಂದನ್ನು ಕೂರಿಸಬೇಕೆಂದು ಹೇಳಿದರೆ ಸಾಕು, ಒಳಗೆ ಏನಿದೆಯೆಂಬುದು ಬೀದಿಗೆಲ್ಲ ತಿಳಿಯಬೇಕಾಗಿಲ್ಲ. ವೆಲ್ಡಿಂಗ್ ಶಾಪಿನವರಿಗೂ ಅಳತೆ ಕೊಡಿ, ಕಥೆ ಬೇಡ. ಎಷ್ಟು ಕೇಳಿದರೂ ಒಪ್ಪದಿದ್ದರೆ ಮಾತ್ರ ಬೀರುವಿನ ಯೋಚನೆ ಮಾಡಿ. ಬೀರುವನ್ನು ನಾನು ಎರಡನೆಯ ಆಯ್ಕೆಯಾಗಿ ಹೇಳುವುದಕ್ಕೆ ಕಾರಣವಿದೆ: ಕಳ್ಳತನದ ಸುದ್ದಿಗಳಲ್ಲಿ ‘ಬೀರು ಮುರಿದು’ ಎಂಬ ಮಾತು ಎಷ್ಟು ಸಲ ಬರುತ್ತದೆಂದು ನೀವೇ ಬಲ್ಲಿರಿ. ಮನೆಗೆ ನುಗ್ಗಿದವನು ನೇರವಾಗಿ ಹೋಗುವುದು ಅಲ್ಲಿಗೇ. ಆದ್ದರಿಂದ ಬೀರುವಿನೊಳಗೆ ಕೋವಿಯನ್ನು ಹಾಗೆಯೇ ಇಡಬಾರದು. ಬಟ್ಟೆ ತೂಗುಹಾಕುವ ಭಾಗದಲ್ಲಿ ಅದೇ ಉಕ್ಕಿನ ಪೆಟ್ಟಿಗೆಯನ್ನು ನಿಲ್ಲಿಸಿ ಬೀರುವಿನ ಬೆನ್ನಿಗೆ ಬೋಲ್ಟ್ ಮಾಡಬೇಕು. ಬೀರುವಿನ ತಗಡು ತೆಳು, ಎಳೆದರೆ ಬೋಲ್ಟಿನ ಸುತ್ತ ಹರಿದುಬಿಡುತ್ತದೆ; ಹೊರಬದಿಯಲ್ಲಿ 3 ಮಿ.ಮೀ. ದಪ್ಪದ ಎರಡು ಕಬ್ಬಿಣದ ಪಟ್ಟಿಗಳನ್ನು ಕೊಟ್ಟು ಅವುಗಳ ಮೂಲಕ ಬಿಗಿಯಿಸಿದರೆ ಆ ಭಯವಿಲ್ಲ.

ಕಾಡತೂಸುಗಳು ಈ ಪೆಟ್ಟಿಗೆಯಲ್ಲಿ ಇರಕೂಡದು. ಅವುಗಳಿಗೆ ಬೇರೆ ಬೀಗ, ಬೇರೆ ಕೀಲಿಕೈ, ಸಾಧ್ಯವಾದರೆ ಬೇರೆ ಕೋಣೆ. ಬೀರುವಿನೊಳಗಿನ ಸಣ್ಣ ಲಾಕರು ನಳಿಗೆಗೆ ಸಾಲದಿದ್ದರೂ ಕಾಡತೂಸಿಗೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ಆ ಲಾಕರನ್ನು ಒಡವೆಗೂ ಬಳಸುವುದಾದರೆ ಕೀಲಿಕೈ ದಿನವೂ ಕೈಯಿಂದ ಕೈಗೆ ಓಡಾಡುತ್ತದೆ, ಆಗ ಅದು ಲಾಕರೇ ಅಲ್ಲ. ಅಡುಗೆಮನೆಯ ಹತ್ತಿರ, ಗ್ಯಾಸ್ ಸಿಲಿಂಡರಿನ ಹತ್ತಿರ ಬೇಡ. ಎಷ್ಟು ಕಾಡತೂಸುಗಳಿವೆ ಎಂಬ ಲೆಕ್ಕ ಒಂದು ಚೀಟಿಯಲ್ಲಿರಲಿ. ಲೆಕ್ಕವಿದ್ದರೆ ಒಂದು ಕಡಿಮೆಯಾದರೂ ಆ ದಿನವೇ ಗೊತ್ತಾಗುತ್ತದೆ.

ಮಕ್ಕಳಿರುವ ಮನೆಯ ವಿಚಾರದಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವು ನಾಲ್ಕು ಅಭ್ಯಾಸಗಳನ್ನು ಬೇರೆಬೇರೆಯಾಗಿ ತೂಗಿ ನೋಡಿತ್ತು: ಕೋವಿಗೆ ಬೀಗ, ಕೋವಿ ಖಾಲಿಯಾಗಿರುವುದು, ಗುಂಡಿಗೆ ಬೀಗ, ಗುಂಡು ಬೇರೆ ಕಡೆ ಇರುವುದು. ಮಕ್ಕಳು, ಹದಿಹರೆಯದವರು ಆಕಸ್ಮಿಕವಾಗಿ ಗಾಯಗೊಳ್ಳುವುದು ಮತ್ತು ಜೀವ ಕಳೆದುಕೊಳ್ಳಲು ಯತ್ನಿಸುವುದು, ಎರಡೂ ಈ ನಾಲ್ಕರಲ್ಲಿ ಪ್ರತಿಯೊಂದು ಅಭ್ಯಾಸವಿರುವ ಮನೆಗಳಲ್ಲಿ ಕಡಿಮೆಯಿದ್ದವು. ಮರುವರ್ಷ ಬಂದ ಇನ್ನೊಂದು ಅಧ್ಯಯನ ಹೇಳಿದ್ದು ನಮಗೆ ಇನ್ನೂ ಹತ್ತಿರದ ಮಾತು: ಕೋವಿ ಎಲ್ಲಿದೆಯೆಂದು ಮಕ್ಕಳಿಗೆ ಗೊತ್ತಿಲ್ಲವೆಂದು ತಂದೆತಾಯಿ ಹೇಳಿದ ಮನೆಗಳಲ್ಲೂ ಅನೇಕ ಮಕ್ಕಳಿಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಎರಡು ಕೋಣೆಯ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗನಿಗೋ ಹುಡುಗಿಗೋ ತಿಳಿಯದ ಮೂಲೆಯಿಲ್ಲ. ಆದ್ದರಿಂದ ಬಚ್ಚಿಡುವ ಉಪಾಯವನ್ನೇ ಬಿಟ್ಟುಬಿಡಿ. ಪೆಟ್ಟಿಗೆಯಲ್ಲಿ ಕೋವಿಯಿದೆ, ಅದನ್ನು ಅಪ್ಪನ ಹೊರತು ಯಾರೂ ಮುಟ್ಟುವಂತಿಲ್ಲ ಎಂದು ಇಬ್ಬರಿಗೂ ನೇರವಾಗಿ ಹೇಳಿ, ಆಮೇಲೆ ಮಕ್ಕಳು ಆ ಮಾತನ್ನು ಮೀರಿಯೇ ಮೀರುತ್ತಾರೆಂದು ಭಾವಿಸಿ ಬೀಗ ಹಾಕಿ.

ಹೀಗೆ ನೋಡಿದಾಗ ಇಕ್ಕಟ್ಟಾದ ಮನೆಯಲ್ಲಿ ಕೋವಿಗಿಂತ ಕೀಲಿಕೈಗೆ ಜಾಗ ಹುಡುಕುವುದೇ ಕಷ್ಟ. ದೇವರ ಕೋಣೆಯ ಗೂಡು, ಬೀರುವಿನ ತಲೆ, ಅಕ್ಕಿ ಡಬ್ಬ, ಕ್ಯಾಲೆಂಡರಿನ ಹಿಂದಿನ ಮೊಳೆ: ಈ ಪಟ್ಟಿಯನ್ನು ನಾನು ಬರೆಯುವಷ್ಟೇ ಸಲೀಸಾಗಿ ಕಳ್ಳನೂ ಬರೆಯಬಲ್ಲ, ಮಗುವೂ ಬರೆಯಬಲ್ಲದು. ಒಂದು ಜೊತೆ ಕೀಲಿಕೈ ಸದಾ ನಿಮ್ಮ ಮೈಮೇಲಿರಲಿ, ಗಾಡಿಯ ಕೀಲಿಕೈಯ ಗೊಂಚಲಿನಲ್ಲಿ ಅಲ್ಲ. ಗಾಡಿಯ ಕೀಲಿಕೈ ಮನೆಯವರೆಲ್ಲ ಎತ್ತಿಕೊಳ್ಳುವ ವಸ್ತು. ಇನ್ನೊಂದು ಜೊತೆಯನ್ನು ಬ್ಯಾಂಕಿನ ಲಾಕರಿನಲ್ಲಿಡಿ. ಆಯುಧಕ್ಕೆ ಅಲ್ಲಿ ಜಾಗವಿಲ್ಲ, ಕೀಲಿಕೈಗೆ ಅಡ್ಡಿಯಿಲ್ಲ. ಸದಾ ಮೈಮೇಲಿಟ್ಟುಕೊಳ್ಳುವುದು ನಿಮ್ಮಿಂದಾಗದೆಂದು ಪ್ರಾಮಾಣಿಕವಾಗಿ ಅನ್ನಿಸಿದರೆ ಅಂಕಿ ಒತ್ತುವ ಬೀಗ ಹಾಕಿಸಿ, ಬಚ್ಚಿಡಲು ಏನೂ ಇರುವುದಿಲ್ಲ. ಆದರೆ ಅಂಕಿ ಮಕ್ಕಳ ಹುಟ್ಟಿದ ದಿನವಾಗಲಿ ಗಾಡಿಯ ನಂಬರಾಗಲಿ ಆಗಿರಬಾರದು; ಒತ್ತುವಾಗ ಬೆನ್ನ ಹಿಂದೆ ಯಾರೂ ಇರಬಾರದು; ಬ್ಯಾಟರಿಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಬದಲಾಯಿಸಬೇಕು. ಬೆರಳಚ್ಚಿನ ಅಗ್ಗದ ಬೀಗಗಳ ಮೇಲೆ ನನಗೆ ನಂಬಿಕೆಯಿಲ್ಲ.

ಕೋವಿಯ ಕುದುರೆಗೆ, ಅಂದರೆ ಟ್ರಿಗರಿಗೆ ಹಾಕುವ ಸಣ್ಣ ಬೀಗ, ನಳಿಗೆಯೊಳಗೆ ತೂರಿಸುವ ತಂತಿಬೀಗ, ಇವು ಪೆಟ್ಟಿಗೆಯ ಬದಲಿಗೆ ಆಗುವುದಿಲ್ಲ, ಪೆಟ್ಟಿಗೆಯ ಜೊತೆಗೆ ಆಗುತ್ತವೆ. ತೋಟಕ್ಕೆ ಒಯ್ಯುವ ದಾರಿಯಲ್ಲಿ ತಂತಿಬೀಗ ಬಹಳ ಉಪಯೋಗಿ. ಫೋರೆಂಡನ್ನು ಬೇರೆ ಕಡೆ ಬೀಗದಲ್ಲಿ ಇಡುವ ಪದ್ಧತಿಯೂ ಒಳ್ಳೆಯದೇ. ಅದಿಲ್ಲದೆ ನಳಿಗೆ ಭದ್ರವಾಗಿ ನಿಲ್ಲುವುದಿಲ್ಲ. ಹಾಗೆಂದು ಫೋರೆಂಡ್ ಇಲ್ಲದ ಕೋವಿ ಹಾರಲಾರದೆಂದು ಮಾತ್ರ ಎಣಿಸಬೇಡಿ.

ಇನ್ನು ಮಳೆಗಾಲ. ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಳಗೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಳಿಗೆಗೆ ತುಕ್ಕು ಹಿಡಿಯಲು ಒಂದು ವಾರ ಸಾಕು. ಕ್ಯಾನ್ವಾಸು, ಚರ್ಮ, ಸ್ಪಂಜಿನ ಚೀಲಗಳು ತೇವವನ್ನು ಹೀರಿ ಹಿಡಿದಿಡುತ್ತವೆ. ಅವು ಒಯ್ಯುವುದಕ್ಕೆ ಮಾತ್ರ, ಪೆಟ್ಟಿಗೆಯೊಳಗೆ ಹೋಗಬಾರದು. ಒಳಗಡೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ನೀಲಿ ಬಣ್ಣದ ಹರಳು ಗುಲಾಬಿಗೆ ತಿರುಗಿದಾಗ ತೇವ ತುಂಬಿದೆಯೆಂದು ಅರ್ಥ, ಆಗ ಬದಲಿಸಬೇಕು. ತೋಟದಿಂದ ಬಂದ ದಿನ ನಳಿಗೆಯ ಒಳಹೊರಗನ್ನು ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆಯ ತೆಳುವಾದ ಪಸೆ ಕೊಟ್ಟು ಇಡಿ. ಎಣ್ಣೆ ಜಾಸ್ತಿಯಾದರೆ ಇಳಿದು ಹಿಡಿಯ ಮರಕ್ಕೆ ಸೇರಿ, ಮರ ಮೆತ್ತಗಾಗಿ, ವರ್ಷಗಳ ಮೇಲೆ ಉಕ್ಕಿಗೆ ಮರ ಕೂಡುವಲ್ಲಿ ಬಿರುಕು ಬಿಡುತ್ತದೆ. ಹಳೆಯ ಕೋವಿಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಕೇಡು ಇದು.

ತೇವ ಹೋಗಬಾರದೆಂದು ನಳಿಗೆಯ ಬಾಯಿಗೆ ಬಟ್ಟೆ ತುರುಕಿ ಇಡುವ ಅಭ್ಯಾಸ ಅಪಾಯಕಾರಿ. ಮರೆತು ಹಾರಿಸಿದರೆ ನಳಿಗೆ ಬಿರಿಯುತ್ತದೆ. ಮಲೆನಾಡಿನಲ್ಲಿ ನಳಿಗೆ ಹೀಗೆ ಕಟ್ಟಿಕೊಳ್ಳಲು ಇನ್ನೊಂದು ಕಾರಣ ಕಡಜ. ತೂತು ಕಂಡಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟುವ ಆ ಹುಳಕ್ಕೆ ಹನ್ನೆರಡು ಬೋರಿನ ನಳಿಗೆ, ಅಂದರೆ ಸುಮಾರು 18.5 ಮಿ.ಮೀ. ವ್ಯಾಸದ ಕೊಳವೆ, ಬಯಸಿದಂಥ ಮನೆ. ಮುಚ್ಚಳ ಸರಿಯಾಗಿ ಕೂರದ ಪೆಟ್ಟಿಗೆಯಲ್ಲೂ ಅದು ನುಸುಳುತ್ತದೆ. ಪ್ರತಿಸಲ ಜೋಡಿಸುವ ಮೊದಲು ನಳಿಗೆಗಳನ್ನು ಬೆಳಕಿಗೆ ಹಿಡಿದು ಎರಡರಲ್ಲೂ ಆಚೆಯ ಬೆಳಕು ದುಂಡಗೆ ಕಾಣುವುದನ್ನು ನೋಡಿಕೊಳ್ಳಿ.

ಕೊಡಗಿನ ಓದುಗರೂ ಇದೇ ಬಗೆಯ ಪ್ರಶ್ನೆ ಕೇಳುವುದರಿಂದ ಒಂದು ಮಾತು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇರುವುದು ಲೈಸೆನ್ಸ್ ಪಡೆಯುವುದರಿಂದ ಮಾತ್ರ, ಜೋಪಾನದಿಂದಲ್ಲ. ಐನ್‌ಮನೆಯ ಕನ್ನಿಕೋಂಬರೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯ ದೇವರ ಕೋಣೆಯಲ್ಲಿ, ತಲೆಮಾರುಗಳಿಂದ ಇದ್ದ ತೋಕನ್ನು (ಕೋವಿಯನ್ನು) ಮೈಸೂರಿನ ಫ್ಲಾಟಿಗೆ ತಂದಾಗ ಮೇಲಿನ ಪೆಟ್ಟಿಗೆ, ಬೋಲ್ಟು, ಕೀಲಿಕೈಯ ಮಾತುಗಳೆಲ್ಲ ಅಕ್ಷರಶಃ ಅನ್ವಯಿಸುತ್ತವೆ. ಅದು ಬಾಯಿಂದ ಮದ್ದು ತುಂಬುವ ಕೇಪಿನ (ಬಡಿದಾಗ ಕಿಡಿ ಹೊತ್ತಿಸುವ ಸಣ್ಣ ಟೋಪಿಯ) ಕೋವಿಯಾಗಿದ್ದರೆ ಇನ್ನೂ ಒಂದು ಎಚ್ಚರಿಕೆ ಬೇಕು: ಮಡಚಿ ನೋಡುವಂತಿಲ್ಲವಾದ್ದರಿಂದ ಒಳಗೆ ಹಳೆಯ ಈಡು (ತುಂಬಿದ ಮದ್ದುಗುಂಡು) ಉಳಿದಿದೆಯೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕೇಪು ಇಲ್ಲವೆಂಬುದನ್ನು ಮೊದಲು ನೋಡಿಕೊಂಡು, ಬಾಯಿಯನ್ನು ನಿಮ್ಮಿಂದ ಆಚೆ ತಿರುಗಿಸಿ, ಮದ್ದು ಜಡಿಯುವ ಕೋಲನ್ನು ಒಳಗಿಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರತೆಗೆದು ನಳಿಗೆಯ ಹೊರಬದಿಗೆ ಹಿಡಿದಾಗ ಕೋಲಿನ ತುದಿ ಕೇಪು ಕೂರುವ ಮೂತಿಯ ತನಕ ಬರದೆ ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಈಡಿದೆ. ಅದನ್ನು ಮನೆಯಲ್ಲಿ ಕೆದಕಲು ಹೋಗದೆ ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಬೇಕು.

ಕೊನೆಯದಾಗಿ, ಕೋವಿಯನ್ನು ಮನೆಯಲ್ಲಿ ಇಡದಿರುವುದೂ ಒಂದು ಮಾರ್ಗವೆಂಬುದನ್ನು ಮರೆಯಬೇಡಿ. ಸುರಕ್ಷಿತ ವಶಕ್ಕೆ ತೆಗೆದುಕೊಳ್ಳುವ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಗಳಲ್ಲಿ ಬಾಡಿಗೆ ಕೊಟ್ಟು ಇರಿಸಬಹುದು. ಕಾಫಿ ಕುಯ್ಲು ಮುಗಿದು ತೋಟಕ್ಕೆ ಹೋಗುವುದು ಕಡಿಮೆಯಾದ ತಿಂಗಳುಗಳಲ್ಲಿ, ಮನೆಮಂದಿಯೆಲ್ಲ ಊರಿಗೆ ಹೊರಟಾಗ, ಮನೆಯಲ್ಲಿ ಪೆಟ್ಟಿಗೆ ಇನ್ನೂ ಸಿದ್ಧವಾಗದಿರುವಾಗ ಇದೇ ಸರಿ. ಮನೆಯಲ್ಲಿ ಯಾರಾದರೂ, ನೀವೂ ಸೇರಿ, ಸಾಲದಿಂದಲೋ ಕುಡಿತದಿಂದಲೋ ಮನಸ್ಸು ಕೆಟ್ಟು ಕುಳಿತ ದಿನಗಳಲ್ಲಂತೂ ಎರಡನೆಯ ಯೋಚನೆಯಿಲ್ಲದೆ ಕೋವಿಯನ್ನು ಹೊರಗೆ ಸಾಗಿಸಿ. ಅಂಥ ವೇಳೆಯಲ್ಲಿ ಮಾತಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಸಿಗುತ್ತದೆ. ವ್ಯಾಪಾರಿಯಿಂದ ಪಡೆಯುವ ರಸೀದಿಯಲ್ಲಿ ಕೋವಿಯ ನಂಬರು, ನಿಮ್ಮ ಲೈಸೆನ್ಸಿನ ಯುಐಎನ್ (ವಿಶಿಷ್ಟ ಗುರುತಿನ ಸಂಖ್ಯೆ), ಕೊಟ್ಟ ದಿನಾಂಕ ಮೂರೂ ಇವೆಯೇ ಎಂದು ಅಂಗಡಿಯಲ್ಲೇ ನಿಂತು ಓದಿ ನೋಡಿ, ಒಂದು ಪ್ರತಿಯನ್ನು ಲೈಸೆನ್ಸ್ ಪುಸ್ತಕದೊಳಗೆ ಇಟ್ಟುಕೊಳ್ಳಿ.